ಎರಡು ಬಡಾವಣೆ, ಮೂರು ನಕ್ಷೆ

ಮರುಭೂಮಿಯಲ್ಲಿ ಮನೆ ಆರಿಸಲು ನಾನು ಇಂಗ್ಲೆಂಡಿಗೆ ಹೋಗಿದ್ದೆ ಎಂದರೆ ಯಾರೂ ನಂಬುವುದಿಲ್ಲ. ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದ ಅಧಿಕಾರಿಯೂ ನಂಬಲಿಲ್ಲ. ಯಾಕೆ ಬಂದಿರಿ ಎಂದು ಕೇಳಿದ. ತಂಗಿಗೆ ಮನೆ ನೋಡಲು ಎಂದೆ. ಬರ್ಮಿಂಗ್‌ಹ್ಯಾಮಿನಲ್ಲೋ ಎಂದ. ಅಲ್ಲ, ದುಬೈಯಲ್ಲಿ ಎಂದೆ. ಅವನು ಕನ್ನಡಕ ತೆಗೆದು ನನ್ನ ಟಿಕೆಟನ್ನು ಇನ್ನೊಮ್ಮೆ ನೋಡಿ, ನೀವು ಈಗ ದುಬೈಯಿಂದಲೇ ಬಂದಿರಲ್ಲ ಎಂದ. ಹೌದು, ಮಂಗಳೂರಿನಿಂದ ಬಂದ ನಾನು ಅಲ್ಲಿ ವಿಮಾನ ಬದಲಿಸಲು ನಾಲ್ಕು ಗಂಟೆ ಕೂತು, ಮನೆಯಿಂದ ತಂದ ಇಡ್ಲಿ ತಿಂದು ಬಂದಿದ್ದೆ. ನನ್ನ ಹಿಂದೆ ಸಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡತೊಡಗಿದರು. ಕೊನೆಗೆ ತಂಗಿಯ ವಿಳಾಸ ತೋರಿಸಿದ ಮೇಲೆ ಮುದ್ರೆ ಒತ್ತಿದ.

ವಿಷಯ ಇಷ್ಟು. ನನ್ನ ತಂಗಿ ಶೈಲಜಾ ಹದಿನಾರು ವರ್ಷಗಳಿಂದ ಬರ್ಮಿಂಗ್‌ಹ್ಯಾಮಿನ ಉತ್ತರಕ್ಕಿರುವ ಸಟನ್ ಕೋಲ್ಡ್‌ಫೀಲ್ಡಿನಲ್ಲಿದ್ದಾಳೆ. ಗಂಡ ಪ್ರಕಾಶ ಬೆಂಗಳೂರಿನವನು, ಎಂಜಿನಿಯರು. ಮಗಳು ತನ್ವಿಗೆ ಹದಿನಾಲ್ಕು. ಪ್ರಕಾಶನ ಕಂಪನಿ ಅವನನ್ನು ದುಬೈಗೆ ವರ್ಗ ಮಾಡಿದೆ. ಆ ಊರಿನ ಹೊರವಲಯದ ಎರಡು ಬಡಾವಣೆಗಳಲ್ಲಿ ಒಂದರಲ್ಲಿ ಮನೆ ಕೊಡುತ್ತದೆ. ಯಾವುದು ಬೇಕು ಎಂದು ಮೇ ಕೊನೆಯ ಶುಕ್ರವಾರದೊಳಗೆ ತಿಳಿಸಬೇಕು. ನಾನು ಮಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ನಲವತ್ತು ವರ್ಷ ಬಡಾವಣೆಗಳ ನಕ್ಷೆ ಬರೆದು ನಿವೃತ್ತಳಾದವಳು. "ಅಕ್ಕ, ನೀನೇ ಬಂದು ನೋಡಿ ಹೇಳು. ನೀನು ಹೇಳಿದ್ದೇ ಫೈನಲ್" ಎಂದು ಶೈಲಾ ಫೋನಿನಲ್ಲಿ ಹೇಳಿದಳು. ಟಿಕೆಟ್ಟನ್ನೂ ಅವಳೇ ಕಳಿಸಿದಳು.

ಅವಳಿಗೆ ಗೊತ್ತಿಲ್ಲದ್ದು ಒಂದಿತ್ತು. ನನ್ನ ಪೆಟ್ಟಿಗೆಯಲ್ಲಿ, ಸೀರೆಗಳ ನಡುವೆ, ಮೂರನೆಯ ನಕ್ಷೆಯೊಂದಿತ್ತು. ಸುರತ್ಕಲ್ಲಿನಲ್ಲಿ ನನ್ನದೊಂದು ಸೈಟು ಇದೆ. ಹಿಂದೆ ಅಲ್ಲಿ ತರಕಾರಿ ಬೆಳೆಯುತ್ತಿದ್ದವರು ತೋಡಿದ ಬಾವಿಯೊಂದು ಇದೆ, ಏಪ್ರಿಲಿನಲ್ಲೂ ಬತ್ತುವುದಿಲ್ಲ. ಮೂರು ವರ್ಷದ ಹಿಂದೆ ಊರಿಗೆ ಬಂದ ಶೈಲಾ ಆ ಬಾವಿಕಟ್ಟೆಯ ಮೇಲೆ ಕೂತು, "ಇನ್ನು ಸ್ವಲ್ಪ ವರ್ಷ ಅಕ್ಕ. ಆಮೇಲೆ ನಾನು ಇಲ್ಲೇ ಬಂದು ನಿನ್ನ ಪಕ್ಕ ಇರ್ತೇನೆ" ಎಂದಿದ್ದಳು. ಯಾರಾದರೂ ಮಾತು ಹೇಳಿದರೆ ಅದನ್ನು ಅಳತೆಗೆ ಇಳಿಸಿ ಬರೆದಿಡುವುದು ನನ್ನ ಕೆಲಸದ ಚಟ. ನಿವೃತ್ತಿಯಾದ ವರ್ಷ ಒಂದು ಮನೆ ಬರೆದೆ: ಎರಡು ಬಾಗಿಲು, ನಡುವೆ ಒಂದೇ ಗೋಡೆ, ಹಿಂದುಗಡೆ ಇಬ್ಬರಿಗೂ ಸೇರಿದ ಅಂಗಳ, ಅಂಗಳದಲ್ಲಿ ಆ ಬಾವಿ. ಪೆನ್ಸಿಲಿನಲ್ಲೇ ಬಿಟ್ಟಿದ್ದೆ. ನಮ್ಮ ಕಚೇರಿಯಲ್ಲಿ ಒಪ್ಪಿಗೆಯಾಗದೆ ಇಂಕು ಹಾಕುವ ಕ್ರಮವಿಲ್ಲ.

ದುಬೈ ಬೇಡ, ಇಂಗ್ಲೆಂಡ್ ಸಾಕಾಯಿತು, ಊರಿಗೆ ಬಾ ಎಂದು ಹೇಳಿ ಆ ನಕ್ಷೆಯನ್ನು ಅವಳ ಮುಂದೆ ಬಿಡಿಸುವುದು ನನ್ನ ಯೋಜನೆಯಾಗಿತ್ತು. ಮನೆ ಆರಿಸಿ ಕೊಡಲು ಬಂದವಳು ಎಂಬುದು ನೆವ. ಇದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗಿರಲಿಲ್ಲ.

ಸಟನ್ ಕೋಲ್ಡ್‌ಫೀಲ್ಡ್: ಬೇಲಿ ಕತ್ತರಿಸಿದ್ದು

ಹೋದ ಮರುದಿನವೇ ಊಟದ ಮೇಜಿನ ಮೇಲೆ ಎರಡು ಬಡಾವಣೆಗಳ ಬಣ್ಣದ ಹಾಳೆಗಳನ್ನು ಹರಡಿದರು. ಎರಡಕ್ಕೂ ನಾಲಿಗೆ ಹೊರಳದ ಹೆಸರು. ನಾನು ನನ್ನದೇ ಹೆಸರಿಟ್ಟೆ. ಮಧ್ಯದಲ್ಲಿ ದೊಡ್ಡ ಕೊಳ, ಸುತ್ತ ಒಂದೇ ತರಹದ ಮಹಡಿ ಮನೆಗಳು, ಅದು ಕೊಳದ ಬಡಾವಣೆ. ಮೆಟ್ರೋ ನಿಲ್ದಾಣದ ಪಕ್ಕ ಎತ್ತರದ ಫ್ಲ್ಯಾಟುಗಳು, ಕೆಳಗೆ ಅಂಗಡಿ ಸಾಲು, ಅದು ರೈಲಿನ ಬಡಾವಣೆ. ಎರಡು ದಿನದಲ್ಲಿ ಮನೆಯವರೆಲ್ಲ ಅದನ್ನೇ ಹೇಳತೊಡಗಿದರು.

ನಕ್ಷೆ ಎಂದು ಅವುಗಳನ್ನು ಕರೆಯಲು ನನಗೆ ಮನಸ್ಸಿಲ್ಲ. ನಗುವ ಮಕ್ಕಳು, ಸೈಕಲ್ಲು, ಹೂವು ಎಲ್ಲ ಇತ್ತು. ಉತ್ತರ ಯಾವ ಕಡೆ ಎಂದು ತೋರಿಸುವ ಬಾಣವೇ ಇರಲಿಲ್ಲ. ಬಿಸಿಲಿನ ಊರಿನಲ್ಲಿ ಸೂರ್ಯ ಯಾವ ಕಿಟಕಿಗೆ ಬೀಳುತ್ತಾನೆ ಎಂದು ಹೇಳದ ಹಾಳೆಯನ್ನು ನಮ್ಮ ಸಾಹೇಬರಾಗಿದ್ದರೆ ಮುಖಕ್ಕೆ ಎಸೆಯುತ್ತಿದ್ದರು. ಪ್ರಕಾಶ ಫೋನಿನಲ್ಲಿ ಹುಡುಕಿ, "ಅಕ್ಕ, ಕೊಳದ ಕಡೆ ಮನೆಗಳೆಲ್ಲ ಪಶ್ಚಿಮಕ್ಕೆ ಮುಖ ಮಾಡಿವೆ" ಎಂದ. ನಾನು ಪೆನ್ಸಿಲು ತೆಗೆದು ಎರಡರ ಮೇಲೂ ಬಾಣ ಹಾಕಿದೆ.

ಆಗ ಕಣ್ಣಿಗೆ ಬಿತ್ತು. ಕೊಳದ ಮನೆಯ ನೆಲ ಅಂತಸ್ತಿನಲ್ಲಿ, ಬಾಗಿಲಿನ ಪಕ್ಕದ ಕೋಣೆಯ ಮೇಲೆ, ಬಾಲ್‌ಪೆನ್ನಿನಲ್ಲಿ ಕನ್ನಡದಲ್ಲಿ "ಅಕ್ಕ" ಎಂದು ಬರೆದಿತ್ತು. ಶೈಲಾಳ ಅಕ್ಷರ. ನಾನು ಇನ್ನೊಂದು ಹಾಳೆಯನ್ನು ಹತ್ತಿರ ಎಳೆದುಕೊಂಡೆ. ರೈಲಿನ ಫ್ಲ್ಯಾಟಿಗೆ ಇರುವುದೇ ಎರಡು ಕೋಣೆ, ಅದರಲ್ಲಿ ನನ್ನ ಹೆಸರಿಗೆ ಜಾಗವಿರಲಿಲ್ಲ.

ಅಂದು ಸಂಜೆ ಮನಸ್ಸು ತಡೆಯದೆ ಹೊರಗೆ ನಡೆಯಲು ಹೋದೆ. ನನಗೊಂದು ಅಭ್ಯಾಸವಿದೆ, ಯಾವ ಹೊಸ ರಸ್ತೆಗೆ ಹೋದರೂ ಹೆಜ್ಜೆಯಲ್ಲಿ ಅಳೆಯುವುದು. ನನ್ನ ಒಂದು ಹೆಜ್ಜೆ ಎರಡೂಕಾಲು ಅಡಿ. ಕಾಲುದಾರಿ ಎಷ್ಟು ಅಗಲ, ಬೇಲಿ ಎಷ್ಟು ಹೊರಗೆ ಚಾಚಿದೆ, ಎಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಮೂರನೆಯ ಮನೆಯ ಹಸಿರು ಬೇಲಿ ಕಾಲುದಾರಿಯ ಮೇಲೆ ಒಂದೂವರೆ ಅಡಿ ಬಂದಿತ್ತು. ಅದನ್ನು ಬರೆಯುತ್ತಿರುವಾಗ ಮನೆಯೊಳಗಿಂದ ಎಪ್ಪತ್ತು ದಾಟಿದ ಯಜಮಾನರು ಬಂದರು. ಗುಡ್ ಈವ್ನಿಂಗ್ ಎಂದರು, ಹವೆ ಚೆನ್ನಾಗಿದೆ ಎಂದರು, ನಾನೂ ಚೆನ್ನಾಗಿದೆ ಎಂದೆ. ನನ್ನ ಪುಸ್ತಕವನ್ನು ನೋಡಿದರು, ಸ್ವೆಟರಿನ ಮೇಲೆ ನೇತಾಡುತ್ತಿದ್ದ ಕನ್ನಡಕವನ್ನು ನೋಡಿದರು. ಮತ್ತೆ ಹವೆಯ ಬಗ್ಗೆಯೇ ಏನೋ ಹೇಳಿ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಕರ್ರೋ ಎಂಬ ಶಬ್ದ. ಆ ಮನುಷ್ಯರು ಏಣಿ ಹಾಕಿ ಬೇಲಿಯನ್ನು ನೂಲು ಹಿಡಿದಂತೆ ಕತ್ತರಿಸುತ್ತಿದ್ದರು. ಎದುರು ಮನೆಯವರೂ ಕತ್ತರಿ ತೆಗೆದಿದ್ದರು. ಶೈಲಾ ಕಸದ ಡಬ್ಬಿ ಇಡಲು ಹೋದಾಗ ಅವರು ಕೇಳಿದರಂತೆ, ಕೌನ್ಸಿಲ್ಲಿನಿಂದ, ಅಂದರೆ ಅಲ್ಲಿನ ನಗರಸಭೆಯಿಂದ, ಬಂದಿದ್ದ ಆ ಹೆಂಗಸು ಇನ್ನು ಯಾವ ದಿನ ಬರುತ್ತಾರೆ ಎಂದು.

"ಎಂತ ಮಾಡಿದೆ ಮಾರಾಯ್ತಿ?" ಎಂದು ಶೈಲಾ ಒಳಗೆ ಬಂದು ಸೋಫಾದ ಮೇಲೆ ಬಿದ್ದು ನಕ್ಕಳು. "ಐದು ವರ್ಷದಿಂದ ನಾವು ಹೇಳ್ಲಿಕ್ಕೆ ಹೆದರ್ತಿದ್ದ ಬೇಲಿ ಅದು."

ಮಂಗಳೂರಿನಲ್ಲಿ ನಾನು ನಿಜವಾಗಿ ಸರ್ಕಾರದ ಕಡೆಯಿಂದ ಹೋಗಿ, ಗುರುತಿನ ಚೀಟಿ ತೋರಿಸಿ ಹೇಳಿದರೂ ಯಾರೂ ಒಂದು ಎಲೆ ಕಿತ್ತವರಲ್ಲ. ಇಲ್ಲಿ ಒಬ್ಬಳು ಬರೆದುಕೊಂಡಳು ಎಂದೇ ಅರ್ಧ ಬೀದಿ ಕ್ಷೌರವಾಯಿತು. ಶೈಲಾ ಹಾಗೆ ನಗುವುದನ್ನು ನೋಡಿ ಎಷ್ಟು ವರ್ಷವಾಗಿತ್ತು. ಆ ನಗು ನನ್ನ ಗೋಡೆಯ ಆಚೆ ಬದಿಯಿಂದ ದಿನವೂ ಕೇಳುವಂತಿದ್ದರೆ ಎಂದು ಅಲ್ಲೇ ನಿಂತು ಆಸೆಪಟ್ಟೆ.

ಬೀಸ್ಟನ್: ಅಡುಗೆಮನೆಯ ಡ್ರಾಯರು

ಬಣ್ಣದ ಹಾಳೆ ನೋಡಿ ನಾನು ಹೇಳುವುದಿಲ್ಲ ಎಂದೆ. ಸಂದೇಹ ಬಂದಾಗ ಸೈಟಿನ ಅಕ್ಕಪಕ್ಕದವರನ್ನು ಕೇಳುವುದು ನಮ್ಮ ಕಚೇರಿಯ ಪದ್ಧತಿ. ದುಬೈಗೆ ಹೋಗಲು ಸಮಯವಿರಲಿಲ್ಲ. ಆದರೆ ಪ್ರಕಾಶನಿಗೆ ಕನ್ನಡ ಬಳಗದಲ್ಲಿ ಎರಡು ಸಂಸಾರಗಳ ಪರಿಚಯವಿತ್ತು. ಒಬ್ಬರು ಕೊಳದ ಬಡಾವಣೆಯಲ್ಲಿ ನಾಲ್ಕು ವರ್ಷ ಇದ್ದು ಈಗ ನಾಟಿಂಗ್‌ಹ್ಯಾಮಿನ ಬೀಸ್ಟನ್ನಿನಲ್ಲಿದ್ದಾರೆ. ಇನ್ನೊಬ್ಬರು ರೈಲಿನ ಬಡಾವಣೆಯಲ್ಲಿ ಆರು ವರ್ಷ ಇದ್ದು ಈಗ ಮ್ಯಾಂಚೆಸ್ಟರಿನ ಪಕ್ಕದ ಸಾಲ್ಫರ್ಡಿನಲ್ಲಿದ್ದಾರೆ. ಫೋನು ಮಾಡಿ ಕೇಳಬಹುದಲ್ಲ ಎಂದ ಪ್ರಕಾಶ. ಫೋನಿನಲ್ಲಿ ಎಲ್ಲರೂ ಎಲ್ಲವನ್ನೂ ಚೆನ್ನಾಗಿದೆ ಎನ್ನುತ್ತಾರೆ, ಮುಖ ನೋಡಿ ಕೇಳಬೇಕು ಎಂದೆ. ಶೈಲಾ ಕೆಲಸ ಮಾಡುವ ಶಾಲೆಗೂ ತನ್ವಿಯ ಶಾಲೆಗೂ ಆ ವಾರ ರಜೆ. ಮೂವರು ಹೆಂಗಸರು ಕಾರಿನಲ್ಲಿ ಹೊರಟೆವು.

ಬೀಸ್ಟನ್ನಿನಲ್ಲಿ ಕಾರು ನಿಲ್ಲಿಸಲು ಶೈಲಾ ಜಾಗ ಹುಡುಕುತ್ತಿದ್ದಾಗ ನಾನು ಇಳಿದು ರಸ್ತೆ ದಾಟುವ ಪಟ್ಟೆಗಳ ಬಳಿ ನಿಂತೆ. ಪಟ್ಟೆಯ ಅಗಲ ನೋಡುವುದಷ್ಟೇ ನನಗೆ ಬೇಕಿದ್ದದ್ದು. ಎರಡೂ ಕಡೆ ಕಾರುಗಳು ನಿಂತವು. ಬಸ್ಸು ನಿಂತಿತು. ಚಾಲಕ ಕೈಯಾಡಿಸಿ ಹೋಗಿ ಎಂದ. ಅಷ್ಟು ಜನ ಕಾಯುವಾಗ ನನಗೆ ಹೋಗಬೇಕಾಗಿಲ್ಲ ಎನ್ನುವುದು ಹೇಗೆ? ದಾಟಿದೆ. ಆಚೆಯಿಂದ ವಾಪಸು ಬರಬೇಕಲ್ಲ, ಮತ್ತೆ ನಿಂತೆ, ಮತ್ತೆ ಕಾರುಗಳು ನಿಂತವು. ತನ್ವಿ ಮುಖ ಮುಚ್ಚಿಕೊಂಡು ಕಂಬದ ಹಿಂದೆ ನಿಂತಿದ್ದಳು.

ವಾಣಿ ಧಾರವಾಡದವರು. ಗಂಡ ಔಷಧದ ಸಂಶೋಧನೆಯಲ್ಲಿರುವವರು, ಆಗ ಕೆಲಸಕ್ಕೆ ಹೋಗಿದ್ದರು. ನಮ್ಮೆಲ್ಲರ ನಡುವೆ ಕೂತಾಗ ವಾಣಿ ಅಚ್ಚುಕಟ್ಟಾಗಿ ಬೆಂಗಳೂರು ಕನ್ನಡ ಮಾತಾಡಿದರು, ನಾವೂ ಹಾಗೇ ಮಾತಾಡಿದೆವು. ಚಹಾ ಮಾಡುವಾಗ ನಾನು ಅಡುಗೆಮನೆಗೆ ಹೋದೆ, ತನ್ವಿಯೂ ನೀರು ಕುಡಿಯಲು ನನ್ನ ಹಿಂದೆ ಬಂದಳು. ಅಲ್ಲಿ ಅವರ ಮಾತು ಧಾರವಾಡಕ್ಕೆ ಹೋಯಿತು.

ನನ್ನವು ಮೂರೇ ಪ್ರಶ್ನೆ. ಮಧ್ಯಾಹ್ನ ನೆರಳು ಎಲ್ಲಿ ಬೀಳುತ್ತದೆ? ಕೊತ್ತಂಬರಿ ಸೊಪ್ಪು ಬೇಕಾದರೆ ಎಷ್ಟು ದೂರ ನಡೆಯಬೇಕು? ಹೆಂಗಸರು ನಿಂತು ಮಾತಾಡುವ ಜಾಗ ಯಾವುದು?

"ನೆರಳೆಲ್ಲೀದು ಅಕ್ಕಾರ" ಎಂದರು ವಾಣಿ. "ಮೇ ತಿಂಗಳಿಂದ ಬಾಗಲಾ ತಗದ್ರ ಕಾರು, ಕಾರಿನಿಂದ ಇಳದ್ರ ಅಂಗಡಿ. ನಡಿಯೂದು ಅಂಬೋದ ಇಲ್ಲ. ಕೊಳ ಭಾಳ ಛಂದ ಅದ, ಆದ್ರ ಐದು ತಿಂಗಳು ಗಾಜಿನ ಒಳಗ ನಿಂತ ನೋಡಬೇಕು. ಬಾಜೂ ಮನೀಯವರ ಕಾರಿನ ನಂಬರ್ ಗೊತ್ತಿತ್ತು ನನಗ, ಹೆಸರು ಗೊತ್ತಿರಲಿಲ್ಲ. ನಿಮ್ಮ ತಂಗೀಗೆ ಹೇಳ್ರಿ, ಆ ರೈಲಿನ ಕಡೀಗೇ ಹೋಗ್ಲಿ. ಅಲ್ಲಿ ಮಂದಿ ಇರ್ತಾರ."

ಚಮಚಕ್ಕೆಂದು ಡ್ರಾಯರು ಎಳೆದರು. ಚಮಚಗಳ ನಡುವೆ, ದಾರ ಕಟ್ಟಿದ ಒಂದು ಪ್ಲಾಸ್ಟಿಕ್ ಕಾರ್ಡು ಇತ್ತು, ಮೇಲೆ ಅವರ ಹಳೆಯ ಫೋಟೋ. ಕೊಳದ ಬಡಾವಣೆಯ ಗೇಟು ತೆರೆಯುವ ಕಾರ್ಡು ಅದು. ನಾನು ನೋಡಿದ್ದನ್ನು ಅವರು ನೋಡಿದರು.

"ಯಾಕ ಇಟ್ಕೊಂಡೀನೋ ಗೊತ್ತಿಲ್ರಿ" ಎಂದರು. "ವಾಪಸ್ ಕೊಡಬೇಕಿತ್ತು. ಡಿಸೆಂಬರಿನಾಗ ಅಲ್ಲಿ ಮುಂಜಾನೆ ತಂಪು ಇರ್ತದ. ಮಗಳನ್ನ ಗಾಡಿಯೊಳಗ ಹಾಕ್ಕೊಂಡು ಒಂದು ಸುತ್ತು ಬರ್ತಿದ್ದೆ. ಈಗ ಆಕೀಗೆ ಹನ್ನೊಂದು, ನನ್ನ ಜೋಡಿ ನಡಿಯಂದ್ರ ಬರೂದಿಲ್ಲ. ಈ ಕಾರ್ಡ್ ನೋಡಿದ್ರ ಆ ಗಾಡಿ ನೆನಪಾಗ್ತದ." ಆಮೇಲೆ ಡ್ರಾಯರು ಮುಚ್ಚಿ, ಚಹಾ ಸೋಸಿದರು.

ಹೊರಡುವಾಗ ಕುಂಕುಮ ಹಚ್ಚಿ, ನನ್ನ ಕೈಗೆ ಶೇಂಗಾ ಹೋಳಿಗೆಯ ಡಬ್ಬಿ ಕೊಟ್ಟರು. ಡಬ್ಬಿ ವಾಪಸು ಕೊಡಲು ನಾನು ಇನ್ನೊಮ್ಮೆ ಬರುವವಳಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹೆದ್ದಾರಿಯಲ್ಲಿ: ಹೇಳದೆ ಉಳಿದದ್ದು

ಮರುದಿನ ಉತ್ತರಕ್ಕೆ ಹೊರಟೆವು. ಶೈಲಾ ಕಾರು ಓಡಿಸುತ್ತಿದ್ದಳು. ಈ ಹುಡುಗಿಗೆ ಸೈಕಲ್ಲು ಕಲಿಸಿದವಳು ನಾನು. ಅವಳಿಗೆ ನಾಲ್ಕು ವರ್ಷವಿದ್ದಾಗ ಅಮ್ಮ ಹೋದರು, ಆಗ ನನಗೆ ಹದಿನೇಳು. ಇಪ್ಪತ್ತಕ್ಕೆ ನನಗೆ ಕೆಲಸ ಸಿಕ್ಕಿತು. ಶಾಲೆ ಬಿಟ್ಟ ಮೇಲೆ ಅವಳು ನೇರ ನನ್ನ ಕಚೇರಿಗೆ ಬರುತ್ತಿದ್ದಳು. ನನ್ನ ಇಳಿಜಾರು ಮೇಜಿನ ಕೆಳಗೆ ಕೂತು, ಕೆಟ್ಟುಹೋದ ಟ್ರೇಸಿಂಗ್ ಪೇಪರಿನ ಮೇಲೆ ಮನೆ ಬರೆಯುತ್ತಿದ್ದಳು. ಇರುವುದಕ್ಕೆ ತುಂಬು ಗೆರೆ, ಮುಂದೆ ಬರಲಿರುವುದಕ್ಕೆ ಚುಕ್ಕೆ ಗೆರೆ ಎಂದು ಏಳನೆಯ ವಯಸ್ಸಿಗೇ ಅವಳಿಗೆ ಗೊತ್ತಿತ್ತು. ತನ್ನ ಚಿತ್ರದ ಮನೆಯಲ್ಲಿ ನಾಯಿಗೂಡನ್ನು ಯಾವಾಗಲೂ ಚುಕ್ಕೆಯಲ್ಲಿ ಹಾಕುತ್ತಿದ್ದಳು, ನಾನು ನಾಯಿ ಬೇಡ ಎಂದಿದ್ದರಿಂದ. ಮದುವೆ ಆಗಬೇಕು ಎಂದು ನನಗೆ ಅನ್ನಿಸಲಿಲ್ಲ. ಅವಳಿದ್ದಳು, ನನಗೆ ಅದು ಸಾಕಿತ್ತು. ಅವಳು ಹೋದ ಮೇಲೆ ಸಾಕಾಗಲಿಲ್ಲ, ಅದೂ ನಿಜ.

ದಾರಿಯಲ್ಲಿ ಊಟಕ್ಕೆಂದು ನಿಲ್ಲಿಸಿದ ಕಡೆ, ಮರದ ಮೇಜಿನ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ತನ್ವಿ ಐಸ್‌ಕ್ರೀಮು ತರಲು ಹೋಗಿದ್ದಳು. ಇದೇ ಸಮಯ ಎಂದುಕೊಂಡೆ.

"ಶೈಲಾ, ಎರಡೂ ಬೇಡ ಅಂತ ನಾನು ಹೇಳಿದ್ರೆ?"

ಅವಳು ಚಮಚ ಕೆಳಗಿಟ್ಟಳು. "ಬೇಡ ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಕ್ಕ. ಪ್ರಕಾಶ ಸೈನ್ ಮಾಡಿ ಆಗಿದೆ. ನೀನು ಎರಡರಲ್ಲಿ ಒಂದು ಹೇಳು, ಅಷ್ಟು ಸಾಕು ನಂಗೆ." ಆಮೇಲೆ ಬೇರೆ ದನಿಯಲ್ಲಿ, "ದುಬೈಯಿಂದ ಮಂಗಳೂರಿಗೆ ನಾಲ್ಕು ಗಂಟೆ ಅಷ್ಟೆ. ಇಲ್ಲಿಗಿಂತ ಹತ್ತಿರ ಅಲ್ವಾ?" ಎಂದಳು.

ಹತ್ತಿರವೇ. ಆದರೆ ನಾನು ಬರೆದಿದ್ದ ಗೋಡೆಯ ದಪ್ಪ ಒಂಬತ್ತು ಇಂಚು. ತನ್ವಿ ಐಸ್‌ಕ್ರೀಮು ಹಿಡಿದು ಬಂದಳು, ನಾನು ಡಬ್ಬಿ ಮುಚ್ಚಿದೆ.

ಸಾಲ್ಫರ್ಡ್: ತೆರೆದಿಟ್ಟ ಬಾಗಿಲು

ಸಾಲ್ಫರ್ಡಿನಲ್ಲಿ ಹಿಂದೆ ಹಡಗುಗಳು ನಿಲ್ಲುತ್ತಿದ್ದ ನೀರಿನ ಸುತ್ತ ಈಗ ಗಾಜಿನ ಕಟ್ಟಡಗಳು. ಕಾರನ್ನು ದೂರ ಬಿಟ್ಟು ಟ್ರ್ಯಾಮಿನಲ್ಲಿ ಹೋದೆವು. ಸುಮತಿ ಪುತ್ತೂರಿನವಳು. ಗಂಡ ಹರೀಶ ಅಲ್ಲೇ ಟಿವಿ ಕಾರ್ಯಕ್ರಮಗಳ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಹನ್ನೊಂದನೆಯ ಮಹಡಿಯಲ್ಲಿ ಮನೆ. ಲಿಫ್ಟಿನಿಂದ ಇಳಿದಾಗ ಅವರ ಬಾಗಿಲು ಮೊದಲೇ ತೆರೆದಿತ್ತು, ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಹಾಕಿದ ಪರಿಮಳ ಓಣಿಯವರೆಗೂ ಬಂದಿತ್ತು.

ತುಳುವಿನಲ್ಲಿ ಹತ್ತು ನಿಮಿಷ ಊರಿನ ಸುದ್ದಿಯಾಯಿತು. ಆಮೇಲೆ ನನ್ನ ಮೂರು ಪ್ರಶ್ನೆ ಕೇಳಿದೆ.

"ನೆರಳಿಗೆ ಎಂತ ತೊಂದರೆ ಇಲ್ಲ ವಿಮಲಕ್ಕ. ಕೆಳಗಿನ ಅಂಗಡಿ ಸಾಲಿಗೆ ಮೇಲೆ ಮಾಡು ಉಂಟು, ಸ್ಟೇಷನ್‌ವರೆಗೆ ತಂಪಿನಲ್ಲೇ ಹೋಗ್ಬಹುದು" ಎಂದಳು ಸುಮತಿ. "ಕೊತ್ತಂಬರಿ ಲಿಫ್ಟ್ ಇಳಿದ್ರೆ ಸಿಗ್ತದೆ. ಆದ್ರೆ ಜನ! ಕರಿಬೇವು ಉಂಟಾ ಅಂತ ಒಬ್ಳು, ಮಗುವನ್ನು ಸ್ವಲ್ಪ ನೋಡಿ ಅಂತ ಇನ್ನೊಬ್ಳು. ಆರು ವರ್ಷ ನಾನು ಒಂದು ಚಾ ಬಿಸಿ ಇರುವಾಗ ಕುಡಿದದ್ದಿಲ್ಲ. ನಿಮ್ಮ ತಂಗಿಗೆ ಆ ಕೊಳದ ಕಡೆಯೇ ಒಳ್ಳೇದು. ನೆಮ್ಮದಿ ಉಂಟಂತೆ."

"ಇಲ್ಲಿ ಬಿಸಿ ಚಾ ಕುಡೀತೀಯಲ್ಲ ಈಗ?" ಎಂದೆ.

ಅವಳು ನಕ್ಕಳು, ನಗು ಅರ್ಧಕ್ಕೆ ನಿಂತಿತು. "ಕುಡೀತೇನೆ. ಎದುರಿನ ಬಾಗಿಲಿನವರು ಮೂರು ವರ್ಷದಿಂದ ಇದ್ದಾರೆ. ಅವರ ಪಾರ್ಸೆಲ್ ನಾನು ತೆಗೆದಿಡ್ತೇನೆ, ಥ್ಯಾಂಕ್ಸ್ ಹೇಳಿ ತಗೊಂಡು ಹೋಗ್ತಾರೆ. ಒಳ್ಳೆಯವರೇ. ಸಂಜೆ ಹೊತ್ತು ನಾನು ಅಡುಗೆ ಮಾಡುವಾಗ ಈ ಬಾಗಿಲು ಸ್ವಲ್ಪ ತೆರೆದಿಡ್ತೇನೆ, ಯಾರಾದ್ರೂ ಎಂತ ಮಾಡ್ತಿದ್ದೀಯ ಅಂತ ಕೇಳ್ತಾರೋ ಅಂತ." ಹರೀಶ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಕಟ್ಟಡದವರು ಹಾಕಿದ ಕಾಗದವೊಂದಿತ್ತು: ಬೆಂಕಿಯ ಸುರಕ್ಷತೆಗಾಗಿ ದಯವಿಟ್ಟು ನಿಮ್ಮ ಬಾಗಿಲನ್ನು ಮುಚ್ಚಿಡಿ. ಅವರು ಹೇಳಿದ್ದು ಸರಿಯಾದದ್ದೇ. ಆ ಕಾಗದದ ಕೆಳಗೆ ಸುಮತಿ ಬಾಗಿಲಿಗೆ ಅಡ್ಡ ಇಡುವ ಕಲ್ಲು ಇನ್ನೂ ಇತ್ತು.

ಕೋರಿರೊಟ್ಟಿ ತಿಂದೆವು. ನಾವು ಮೂವರು ಹೋಗುವುದಕ್ಕೆ ಅವಳು ಎಂಟು ಜನರಿಗಾಗುವಷ್ಟು ಮಾಡಿದ್ದಳು. ಬಿಡುವ ಮನಸ್ಸಿಲ್ಲದೆ ಟ್ರ್ಯಾಮಿನವರೆಗೂ ಬಂದಳು, ಟ್ರ್ಯಾಮು ತಿರುಗುವವರೆಗೂ ಕೈಬೀಸಿದಳು.

ಟ್ರ್ಯಾಮಿನಲ್ಲಿ ಶೈಲಾ ತಲೆಗೆ ಕೈಹಚ್ಚಿದಳು. "ಅಲ್ಲಿದ್ದವಳು ಇಲ್ಲಿಗೆ ಹೋಗಿ ಅಂತಾಳೆ, ಇಲ್ಲಿದ್ದವಳು ಅಲ್ಲಿಗೆ ಹೋಗಿ ಅಂತಾಳೆ. ಈಗ ಎಂತ ಮಾಡುದು?"

ತನ್ವಿ ಕಿವಿಯಿಂದ ಹಾಡಿನ ತಂತಿ ತೆಗೆದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಹೇಳಿದ್ದು ಇದು: ಇಬ್ಬರೂ ತಾವಿದ್ದ ಜಾಗವನ್ನೇ ನೆನೆಸಿಕೊಂಡು ಅಳುವ ಹಾಗಿದ್ದರು, ನೀವು ನೋಡಲಿಲ್ಲವೇ?

ನೋಡಿದ್ದೆ. ಈ ಮಗು ನೋಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಿನಗೆ ಯಾವುದು ಬೇಕು ಮಗಾ ಎಂದು ಆವರೆಗೆ ಯಾರೂ ಕೇಳಿರಲಿಲ್ಲ, ನಾನು ಕೇಳಿದೆ. ಅವಳು ಹೊರಗೆ ನೋಡುತ್ತಲೇ ಹೇಳಿದಳು. ಕಳೆದ ತಿಂಗಳಷ್ಟೇ ಒಬ್ಬಳೇ ಬಸ್ಸಿನಲ್ಲಿ ಹೋಗಲು ಅಮ್ಮ ಬಿಟ್ಟಿದ್ದಾರೆ. ಸ್ನೇಹಿತೆಯರನ್ನೆಲ್ಲ ಬಿಟ್ಟು ಹೋಗಬೇಕು, ಹೋಗುತ್ತೇನೆ. ಎಲ್ಲಿಗೆ ಹೋಗಲೂ ಅಪ್ಪನ ಕಾರಿಗೆ ಕಾಯುವ ಹಾಗೆ ಮಾತ್ರ ಮಾಡಬೇಡಿ. ಶೈಲಾ ಮಗಳ ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

ಮತ್ತೆ ಸಟನ್ ಕೋಲ್ಡ್‌ಫೀಲ್ಡ್: ಗುರುವಾರ

ಗುರುವಾರ ಸಂಜೆ ಊಟವಾದರೂ ಹೊರಗೆ ಬಿಸಿಲು ಹಾಗೇ ಇತ್ತು. ಈ ದೇಶದ ಬೇಸಿಗೆಯಲ್ಲಿ ಸೂರ್ಯನಿಗೆ ಮನೆಗೆ ಹೋಗುವ ಅವಸರವೇ ಇಲ್ಲ. ಪ್ರಕಾಶ ಮೇಜು ಒರೆಸಿ ಎರಡು ಹಾಳೆಗಳನ್ನು ಹಾಸಿದ. "ಹೇಳಿ ಅಕ್ಕ. ನಾಳೆ ಬೆಳಿಗ್ಗೆ ಮೇಲ್ ಹಾಕ್ಬೇಕು" ಎಂದ.

ಉತ್ತರ ನನಗೆ ಟ್ರ್ಯಾಮಿನಲ್ಲೇ ಗೊತ್ತಾಗಿತ್ತು. ಹೇಳುವುದನ್ನು ಮುಂದೂಡುತ್ತಿದ್ದೆ. ಮೂರನೆಯ ನಕ್ಷೆಗೆ ಇನ್ನು ಒಂದೇ ಒಂದು ರಾತ್ರಿ ಉಳಿದಿತ್ತು. ಶೈಲಾ ಒಬ್ಬಳೇ ಸಿಕ್ಕರೆ ತೋರಿಸೋಣ, ಇನ್ನೊಂದು ಸಲ ಕೇಳಿ ನೋಡೋಣ ಎಂಬ ದುರಾಸೆ. ಹೊತ್ತು ಕಳೆಯಲು, ಕನ್ನಡಕ ಮೇಲೆ ಪೆಟ್ಟಿಗೆಯಲ್ಲಿದೆ, ತಾ ಎಂದು ತನ್ವಿಗೆ ಹೇಳಿದೆ. ನಕ್ಷೆಯೂ ಅದೇ ಪೆಟ್ಟಿಗೆಯಲ್ಲಿದೆ ಎಂಬುದು ಅವಳು ಮೆಟ್ಟಿಲು ಹತ್ತಿದ ಮೇಲೆ ನೆನಪಾಯಿತು.

ಅವಳು ಒಂದು ಕೈಯಲ್ಲಿ ಕನ್ನಡಕ, ಇನ್ನೊಂದು ಕೈಯಲ್ಲಿ ಟ್ರೇಸಿಂಗ್ ಪೇಪರು ಹಿಡಿದು ಇಳಿದಳು. ಅದನ್ನು ಆಗಲೇ ಬಿಡಿಸಿದ್ದಳು. "ದೊಡ್ಡಮ್ಮ, ಇದು ಯಾವ ಬಡಾವಣೆ?" ಎಂದಳು, ಕನ್ನಡದಲ್ಲಿ. ಆಮೇಲೆ ಇಂಗ್ಲಿಷಿನಲ್ಲಿ, ಇದೇ ಚೆನ್ನಾಗಿದೆ, ಇದನ್ನೇ ತೆಗೆದುಕೊಳ್ಳಬಾರದೇ ಎಂದಳು.

ಮೇಜಿನ ಮೇಲೆ, ಆ ಎರಡರ ನಡುವೆ ಇಟ್ಟಳು. ಪ್ರಕಾಶ ಬಗ್ಗಿ ನೋಡಿ, "ಇದಕ್ಕೆ ಎರಡು ಬಾಗಿಲು ಇದೆಯಲ್ಲ" ಎಂದ. ಶೈಲಾ ಹತ್ತಿರ ಬಂದಳು. ನಾನು ಅದರ ಮೇಲೆ ಊರಿನ ಹೆಸರಾಗಲಿ ನಮ್ಮ ಹೆಸರಾಗಲಿ ಬರೆದಿರಲಿಲ್ಲ. ಅವಳ ಬೆರಳು ನೇರವಾಗಿ ಅಂಗಳದಲ್ಲಿದ್ದ ದುಂಡನೆಯ ಗೆರೆಗೆ ಹೋಗಿ ನಿಂತಿತು.

"ಬಾವಿಯ ಈ ಬದಿಗೆ ಮಧ್ಯಾಹ್ನ ನೆರಳು ಬರ್ತದಾ ಅಕ್ಕ?"

"ಎರಡು ಗಂಟೆಯ ಮೇಲೆ ಬರ್ತದೆ" ಎಂದೆ. "ನಿನ್ನ ಗೋಡೆಯ ನೆರಳು."

ಪ್ರಕಾಶ ತನ್ವಿಯ ಭುಜ ಮುಟ್ಟಿದ, ಇಬ್ಬರೂ ಹಿತ್ತಿಲಿಗೆ ಹೋದರು. ನಾವಿಬ್ಬರೇ ಉಳಿದೆವು. ಶೈಲಾ ಕುರ್ಚಿ ಎಳೆದು ಕೂತಳು. ಪ್ರತಿ ಕೋಣೆಯನ್ನೂ ನೋಡಿದಳು, ಅಡುಗೆಮನೆಯ ಕಿಟಕಿ ಯಾವ ಕಡೆ ಎಂದು ನೋಡಿದಳು, ತನ್ವಿಗೆಂದು ಬರೆದ ಮಹಡಿಯ ಕೋಣೆಗೆ ಮೆಟ್ಟಿಲು ಹೇಗೆ ಹೋಗುತ್ತದೆ ಎಂದು ಬೆರಳಲ್ಲಿ ಹತ್ತಿ ನೋಡಿದಳು. ನಲವತ್ತು ವರ್ಷದಲ್ಲಿ ನನ್ನ ಯಾವ ನಕ್ಷೆಯನ್ನೂ ಯಾರೂ ಅಷ್ಟು ಹೊತ್ತು ನೋಡಿಲ್ಲ.

"ಬಾವಿಕಟ್ಟೆಯಲ್ಲಿ ಬರ್ತೇನೆ ಅಂತ ಹೇಳಿದ್ದು ಸುಳ್ಳಲ್ಲ ಅಕ್ಕ" ಎಂದಳು. "ಹೇಳುವಾಗ ನಿಜವಾಗ್ಲೂ ಬರುವ ಅಂತಲೇ ಇತ್ತು. ಆದ್ರೆ ಈಗ ಬರುದಿಲ್ಲ. ತನ್ವಿಯ ಓದು ಉಂಟು, ಇವರ ಕೆಲಸ ಉಂಟು. ಬರ್ತೇನೆ ಬರ್ತೇನೆ ಅಂತ ನಿನ್ನನ್ನು ಕಾಯಿಸಿದ್ದು ನನ್ನ ತಪ್ಪು."

ನನಗೆ ಅಳು ಬಂತು. ಅತ್ತೆ. ಅವಳೂ ಅತ್ತಳು. ಹಿತ್ತಿಲಿನಲ್ಲಿ ಪ್ರಕಾಶ ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ.

ಮೂಗು ಒರೆಸಿಕೊಂಡು ನಾನು ಕನ್ನಡಕ ಹಾಕಿದೆ. "ರೈಲಿನ ಬಡಾವಣೆ" ಎಂದೆ. "ಕೊಳದ ಮನೆಯ ಪಡುವಣ ಬಿಸಿಲಿಗೆ ನೀವು ಬೆಂದುಹೋಗ್ತೀರಿ. ರೈಲಿನ ಕಡೆ ಸ್ಟೇಷನ್‌ವರೆಗೆ ನೆರಳುಂಟು, ಹುಡುಗಿ ಒಬ್ಳೇ ಓಡಾಡ್ತಾಳೆ. ನಿನಗೆ ಚಾ ಬಿಸಿ ಸಿಕ್ಕದಿದ್ರೆ ಪರವಾಗಿಲ್ಲ."

"ಅದ್ರಲ್ಲಿ ನಿಂಗೆ ರೂಮಿಲ್ಲ."

"ಬಂದಾಗ ತನ್ವಿಯ ಜೊತೆ ಮಲಗ್ತೇನೆ. ನೀನು ಹತ್ತು ವರ್ಷ ನನ್ನ ಮಂಚದಲ್ಲೇ ಮಲಗಿದವಳು."

"ಮತ್ತೆ ಇದು?" ಎಂದು ಟ್ರೇಸಿಂಗ್ ಪೇಪರನ್ನು ತೋರಿಸಿದಳು.

"ನನ್ನ ಬದಿ ಕಟ್ಟಿಸ್ತೇನೆ" ಎಂದೆ. ಆ ಕ್ಷಣದವರೆಗೆ ಅದು ನನಗೂ ಗೊತ್ತಿರಲಿಲ್ಲ.

ಶೈಲಾ ಎದ್ದು ತನ್ವಿಯ ಶಾಲೆಯ ಚೀಲದಿಂದ ಪೆನ್ಸಿಲು, ರಬ್ಬರು, ಸ್ಕೇಲು ತಂದಳು. ನಾನು ಏನು ಮಾಡುತ್ತಾಳೆ ಎಂದು ನೋಡುತ್ತ ಕೂತೆ. ಅವಳು ತನ್ನ ಬದಿಯ ಮೊದಲ ಗೋಡೆಯನ್ನು ಅಳಿಸಿದಳು. ಕಾಗದ ಮುದುಡದಂತೆ ಒಂದೇ ದಿಕ್ಕಿಗೆ ಉಜ್ಜಿದಳು, ನಾನು ಕಲಿಸಿದ ಹಾಗೆಯೇ. ಅಳಿಸಿದ ಜಾಗದಲ್ಲಿ ಸ್ಕೇಲು ಇಟ್ಟು ಗೋಡೆಯನ್ನು ಚುಕ್ಕೆ ಗೆರೆಯಲ್ಲಿ ಬರೆದಳು. ಆಮೇಲೆ ಎರಡನೆಯದು, ಆಮೇಲೆ ಅಡುಗೆಮನೆ, ಮೆಟ್ಟಿಲು, ಮಗಳ ಕೋಣೆ. ನಲವತ್ತು ವರ್ಷ ಕಳೆದರೂ ಚುಕ್ಕೆಗಳ ನಡುವಿನ ಅಂತರ ತಪ್ಪಿರಲಿಲ್ಲ. ಕೊನೆಗೆ ಅಂಗಳಕ್ಕೆ ಬಂದಳು. ರಬ್ಬರನ್ನು ಬಾವಿಯ ಮೇಲೆ ಹಿಡಿದು ನನ್ನ ಮುಖ ನೋಡಿದಳು.

"ಅದು ಬೇಡ" ಎಂದೆ. "ಅದು ಈಗಾಗಲೇ ಉಂಟು."

ಅವಳು ರಬ್ಬರನ್ನು ಕೆಳಗಿಟ್ಟು, ಕಾಗದದ ಮೇಲಿದ್ದ ಚೂರುಗಳನ್ನು ಊದಿದಳು.